ಡ್ರಾಫ್ಟಿಗೆ ಮುನ್ನ ಆಟಗಾರನ ಪರೀಕ್ಷೆ: ವೃತ್ತಿಪರ ಬಾಸ್ಕೆಟ್‌ಬಾಲ್ ತಂಡಗಳು ತರುಣರನ್ನು ಅಳೆಯುವ ಬಗೆ

೧. ಪ್ರಸ್ತಾವನೆ

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು ೨೦೨೨ರಲ್ಲಿ ಮಹಾರಾಜ ಟ್ರೋಫಿ ಎಂಬ ಇಪ್ಪತ್ತು ಓವರುಗಳ ಪಂದ್ಯಾವಳಿಯನ್ನು ಏರ್ಪಡಿಸಿದಾಗ, ಅದರ ಆರು ತಂಡಗಳಿಗೆ ಆಟಗಾರರನ್ನು ಹಂಚಿದ್ದು ಡ್ರಾಫ್ಟ್ ಎಂಬ ಪದ್ಧತಿಯಿಂದ. ಆ ಆರರಲ್ಲಿ ಒಂದು ನಮ್ಮ ನಗರದ ಹಳೆಯ ಹೆಸರನ್ನು ಹೊತ್ತ ಗುಲ್ಬರ್ಗ ಮಿಸ್ಟಿಕ್ಸ್. ಮನೀಶ್ ಪಾಂಡೆಯವರ ನಾಯಕತ್ವದಲ್ಲಿ ಆಡಿದ ಆ ತಂಡವೇ ಮೊದಲ ವರ್ಷದ ಪ್ರಶಸ್ತಿಯನ್ನು ಗೆದ್ದುಕೊಂಡಿತು. ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರುಗಳಲ್ಲಿ. ಕಲಬುರಗಿಗೆ ಬಂದದ್ದು ಗೆಲವಿನ ಸುದ್ದಿ ಮಾತ್ರ. ಮರುವರ್ಷ ಡ್ರಾಫ್ಟನ್ನು ಕೈಬಿಟ್ಟು ಹರಾಜಿನ ಕ್ರಮವನ್ನು ಅನುಸರಿಸಲಾಯಿತು.

ಡ್ರಾಫ್ಟ್ ಎಂದರೆ ಸರದಿಯ ಆಯ್ಕೆ. ಲಭ್ಯರಿರುವ ಆಟಗಾರರೆಲ್ಲರ ಪಟ್ಟಿಯನ್ನು ಮುಂದಿಟ್ಟುಕೊಂಡು ತಂಡಗಳು ಒಂದಾದ ಮೇಲೊಂದರಂತೆ ತಮಗೆ ಬೇಕಾದವರ ಹೆಸರನ್ನು ಹೇಳುತ್ತವೆ. ಒಂದು ತಂಡ ಹೆಸರಿಸಿದವನು ಮತ್ತೊಂದು ತಂಡಕ್ಕೆ ದೊರೆಯುವುದಿಲ್ಲ. ಹರಾಜಿನಲ್ಲಿ ತಂಡದ ಕೈಯನ್ನು ಹಣದ ಮಿತಿ ಕಟ್ಟಿದರೆ, ಡ್ರಾಫ್ಟಿನಲ್ಲಿ ಸರದಿಯ ಮಿತಿ ಕಟ್ಟುತ್ತದೆ. ಆದುದರಿಂದ ಸರದಿ ಬಂದ ಕ್ಷಣದಲ್ಲಿ ಯಾರನ್ನು ಹೆಸರಿಸಬೇಕೆಂಬುದನ್ನು ತಂಡವು ಬಹು ಮೊದಲೇ ನಿಶ್ಚಯಿಸಿರಬೇಕು. ಹೀಗೆ ನಿಶ್ಚಯಿಸುವ ಶಾಸ್ತ್ರವನ್ನು ಬಹಳ ವಿಸ್ತಾರವಾಗಿ ಬೆಳೆಸಿರುವುದು ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್. ಅಲ್ಲಿನ ಪರೀಕ್ಷಾಕ್ರಮವನ್ನು ವಿವರಿಸಿ, ಅದರ ಗುಣವನ್ನೂ ಮಿತಿಯನ್ನೂ ಪರಾಮರ್ಶಿಸಿ, ಪ್ರತಿವರ್ಷ ಕಾಲೇಜಿನ ಹಾಗೂ ವಿಶ್ವವಿದ್ಯಾಲಯದ ತಂಡಗಳನ್ನು ಆರಿಸಬೇಕಾದ ನಮ್ಮ ಅಧ್ಯಾಪಕರು ಅದರಿಂದ ಗ್ರಹಿಸಬಹುದಾದುದೇನೆಂಬುದನ್ನು ಸೂಚಿಸುವುದು ಈ ಲೇಖನದ ಉದ್ದೇಶ.

೨. ಡ್ರಾಫ್ಟಿನ ಹುಟ್ಟು ಮತ್ತು ನಿಯಮ

ಬಾಸ್ಕೆಟ್‌ಬಾಲ್ ಆಟವನ್ನು ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಣದ ಅಧ್ಯಾಪಕರು ೧೮೯೧ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ರೂಪಿಸಿದರು. ಈಗ ಎನ್.ಬಿ.ಎ. ಎಂದು ಕರೆಯಲಾಗುವ ವೃತ್ತಿಪರ ಒಕ್ಕೂಟವು ಬೇರೊಂದು ಹೆಸರಿನಲ್ಲಿ ೧೯೪೬ರಲ್ಲಿ ಹುಟ್ಟಿತು. ಅದರ ಮೊದಲ ಡ್ರಾಫ್ಟ್ ೧೯೪೭ರಲ್ಲಿ ನಡೆಯಿತು. ಸೋತ ತಂಡಕ್ಕೆ ಮೊದಲ ಸರದಿ ಎಂಬುದು ಅದರ ಮೂಲತತ್ತ್ವ. ಬಲಿಷ್ಠ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಕೂಡಿಹಾಕಿಕೊಂಡರೆ ಪಂದ್ಯಗಳು ನೀರಸವಾಗುತ್ತವೆ, ಪ್ರೇಕ್ಷಕರು ದೂರವಾಗುತ್ತಾರೆ. ಆದಕಾರಣ ದುರ್ಬಲರಿಗೆ ಈ ಆಸರೆ.

ಆದರೆ ಸೋಲಿಗೆ ಬಹುಮಾನ ಸಿಗುವಾಗ ಬೇಕೆಂದೇ ಸೋಲುವ ಆಸೆಯೂ ಹುಟ್ಟುತ್ತದೆ. ಈ ದೋಷವನ್ನು ತಡೆಯುವುದಕ್ಕಾಗಿ ೧೯೮೫ರಲ್ಲಿ ಮೊದಲ ಸರದಿಗಳನ್ನು ಚೀಟಿ ಎತ್ತಿ ನಿರ್ಣಯಿಸುವ ಪದ್ಧತಿ ಬಂದಿತು. ೨೦೧೯ರಲ್ಲಿ ಅದನ್ನು ತಿದ್ದಿ, ಅತ್ಯಂತ ಕೆಳಗಿನ ಮೂರು ತಂಡಗಳಿಗೆ ಮೊದಲ ಸರದಿಯ ಸಂಭವವನ್ನು ತಲಾ ಶೇಕಡಾ ೧೪ ಎಂದು ಸಮಮಾಡಲಾಯಿತು. ೧೯೮೯ರಿಂದ ಡ್ರಾಫ್ಟಿಗೆ ಎರಡೇ ಸುತ್ತುಗಳು, ತಂಡಗಳು ಮೂವತ್ತು. ಎಂದರೆ ಜಗತ್ತಿನ ಅಸಂಖ್ಯ ತರುಣರ ಪೈಕಿ ವರ್ಷಕ್ಕೆ ಅರವತ್ತರ ಆಸುಪಾಸಿನಷ್ಟು ಮಂದಿ ಮಾತ್ರ ಈ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ೨೦೦೬ರ ಡ್ರಾಫ್ಟಿನಿಂದ ಮೊದಲ್ಗೊಂಡು, ಡ್ರಾಫ್ಟ್ ನಡೆಯುವ ವರ್ಷದಲ್ಲಿ ಹತ್ತೊಂಬತ್ತು ತುಂಬದವರನ್ನು ಆರಿಸುವಂತಿಲ್ಲ.

ಇಲ್ಲಿ ಒಂದು ಸಂಗತಿ ಸ್ಮರಣೀಯವಾಗಿದೆ. ೧೯೪೭ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಕ್ಲಿಫ್ಟನ್ ಮೆಕ್‌ನೀಲಿ ಆ ಒಕ್ಕೂಟದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಪ್ರೌಢಶಾಲೆಯ ಹುಡುಗರಿಗೆ ತರಬೇತಿ ಕೊಡುವ ವೃತ್ತಿಯನ್ನು ಹಿಡಿದರು. ಆಟಗಾರನ ಕಾಲು ಕೈಗಳನ್ನು ಬಲ್ಲವರು ಅವನ ಮನಸ್ಸನ್ನೂ ಬಲ್ಲವರೆಂದು ಹೇಳಲಾಗದು ಎಂಬುದಕ್ಕೆ ಡ್ರಾಫ್ಟಿನ ಮೊದಲ ಹೆಸರೇ ನಿದರ್ಶನವಾಯಿತು.

೩. ದೇಹದ ಅಳತೆ

ಡ್ರಾಫ್ಟಿಗೆ ಕೆಲವು ವಾರಗಳ ಮೊದಲು, ಸಾಮಾನ್ಯವಾಗಿ ಮೇ ತಿಂಗಳಿನಲ್ಲಿ, ಆಮಂತ್ರಿತ ತರುಣರನ್ನು ಷಿಕಾಗೋ ನಗರಕ್ಕೆ ಕರೆಸಿ ಒಟ್ಟಾಗಿ ಪರೀಕ್ಷಿಸುತ್ತಾರೆ. ಇದಕ್ಕೆ ಕಂಬೈನ್ ಎಂದು ಹೆಸರು. ಬರಿಗಾಲಿನ ಎತ್ತರ, ತೂಕ, ಅಂಗೈಯ ಉದ್ದ ಮತ್ತು ಅಗಲ, ನಿಂತಲ್ಲಿಂದ ಜಿಗಿಯುವ ಎತ್ತರ, ಓಡಿಬಂದು ಜಿಗಿಯುವ ಎತ್ತರ, ಅಂಗಣದ ಮುಕ್ಕಾಲು ಭಾಗದ ಓಟ, ಅಡ್ಡಕ್ಕೂ ಹಿಂದಕ್ಕೂ ಚಲಿಸುವ ಚುರುಕು—ಇವೆಲ್ಲವನ್ನೂ ಅಳೆದು ಬರೆದಿಡಲಾಗುತ್ತದೆ.

ಇವುಗಳಲ್ಲಿ ಎರಡು ಅಳತೆಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಒಂದು, ಎರಡು ತೋಳುಗಳನ್ನೂ ಅಗಲಕ್ಕೆ ಚಾಚಿದಾಗ ಬೆರಳ ತುದಿಯಿಂದ ಬೆರಳ ತುದಿಗೆ ಇರುವ ದೂರ. ಬಾವಿಯ ಆಳವನ್ನೂ ಹಗ್ಗದ ಉದ್ದವನ್ನೂ ಹೇಳುವಾಗ ನಮ್ಮ ಹಿರಿಯರು ಬಳಸುತ್ತಿದ್ದ ‘ಮಾರು’ ಇದೇ. ಇನ್ನೊಂದು, ನೆಲದ ಮೇಲೆ ನಿಂತು ಕೈಯೆತ್ತಿದಾಗ ಸಿಗುವ ನಿಲುಕು. ಬುಟ್ಟಿಯ ಬಳೆಯು ನೆಲದಿಂದ ೩.೦೫ ಮೀಟರ್ ಎತ್ತರದಲ್ಲಿರುತ್ತದೆ. ಚೆಂಡನ್ನು ಹಿಡಿಯುವುದೂ ಎದುರಾಳಿಯ ಎಸೆತವನ್ನು ತಡೆಯುವುದೂ ಕೈಯಿಂದಲೇ ಹೊರತು ನೆತ್ತಿಯಿಂದಲ್ಲ. ಕುತ್ತಿಗೆ ನೀಳವಾಗಿದ್ದು ತೋಳು ಗಿಡ್ಡವಾಗಿರುವವನಿಗಿಂತ, ಎತ್ತರದಲ್ಲಿ ಒಂದೆರಡು ಅಂಗುಲ ಕಡಿಮೆಯಿದ್ದು ಮಾರು ಹೆಚ್ಚಿರುವವನು ಅನೇಕ ವೇಳೆ ಹೆಚ್ಚು ಉಪಯುಕ್ತ. ಸಾಲಿನಲ್ಲಿ ನಿಲ್ಲಿಸಿ ಎತ್ತರದವರನ್ನು ಕರೆಯುವ ನಮ್ಮ ರೂಢಿಗೂ ಇದಕ್ಕೂ ಇರುವ ಅಂತರ ಸ್ಪಷ್ಟವಾಗಿದೆ.

ಆದರೆ ಅಳೆಯಲು ಸುಲಭವಾದುದಕ್ಕೆ ಅದರ ಯೋಗ್ಯತೆಗೆ ಮೀರಿದ ಬೆಲೆ ಬರುವ ಅಪಾಯವೂ ಉಂಟು. ೨೦೦೭ರ ಪರೀಕ್ಷೆಯಲ್ಲಿ ಕೆವಿನ್ ಡ್ಯುರಾಂಟ್ ಎಂಬ ತರುಣನು ಮಲಗಿ ಎತ್ತುವ ೧೮೫ ಪೌಂಡಿನ, ಅಂದರೆ ಸುಮಾರು ೮೪ ಕಿಲೋಗ್ರಾಮಿನ ಭಾರವನ್ನು ಒಮ್ಮೆಯೂ ಎತ್ತಲಾರದೆ ಹೋದನು. ಆ ವರ್ಷ ಮೊದಲನೆಯವನಾಗಿ ಆಯ್ಕೆಯಾದವನು ಭಾರಿ ಮೈಕಟ್ಟಿನ ಗ್ರೆಗ್ ಓಡನ್, ಡ್ಯುರಾಂಟ್ ಎರಡನೆಯವನು. ಡ್ಯುರಾಂಟ್ ೨೦೧೪ರಲ್ಲಿ ಒಕ್ಕೂಟದ ಶ್ರೇಷ್ಠ ಆಟಗಾರನೆನಿಸಿದನು. ಓಡನ್ ಮೊಣಕಾಲಿನ ಶಸ್ತ್ರಚಿಕಿತ್ಸೆಗಳಿಂದ ಜರ್ಜರಿತನಾಗಿ ಒಟ್ಟು ೧೦೫ ಪಂದ್ಯಗಳನ್ನಷ್ಟೇ ಆಡಿದನು.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿರುವ ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಿಯ ಮಾನ್ಯತೆಯನ್ನು ಪಡೆದ ಬೆಳೆ. ಬಾಳೆಯ ಕೃಷಿಯನ್ನು ಬಲ್ಲವರು ನೆಡುವುದಕ್ಕೆ ಕಂದನ್ನು ಆರಿಸುವಾಗ ಅಗಲವಾದ ಎಲೆ ಬಿಟ್ಟು ಸೊಂಪಾಗಿ ಕಾಣುವುದನ್ನು ಬಿಟ್ಟು, ಕತ್ತಿಯಂಥ ಕಿರಿದಾದ ಎಲೆಯ ಕಂದನ್ನು ತೆಗೆದುಕೊಳ್ಳುತ್ತಾರೆ. ಮೊದಲನೆಯದು ತಾಯಿಗೆಡ್ಡೆಗೆ ಮೇಲುಮೇಲಾಗಿ ಅಂಟಿಕೊಂಡು ಬೆಳೆದದ್ದು, ಬುಡದಲ್ಲಿ ಸತ್ತ್ವವಿಲ್ಲದ್ದು. ಎರಡನೆಯದರ ಗೆಡ್ಡೆ ಬಲವಾದದ್ದು. ಈ ತಿಳಿವಳಿಕೆ ಒಂದು ದಿನದ ನೋಟದಿಂದ ಬಂದುದಲ್ಲ. ಯಾವ ಕಂದು ಎಂಥ ಗೊನೆಯನ್ನು ಕೊಟ್ಟಿತೆಂಬುದನ್ನು ವರ್ಷವರ್ಷವೂ ನೋಡಿ ನೆನಪಿಟ್ಟುಕೊಂಡದ್ದರಿಂದ ಬಂದುದು. ಆಟಗಾರನ ಪರೀಕ್ಷೆಯಲ್ಲಿಯೂ ಯಾವ ಅಳತೆ ಮುಂದಿನ ಫಲವನ್ನು ನಿಜವಾಗಿ ಸೂಚಿಸಿತೆಂಬುದನ್ನು ಹಿಂದಿರುಗಿ ನೋಡಿದಲ್ಲದೆ ಆ ಅಳತೆಗೆ ಬೆಲೆ ಕಟ್ಟುವುದು ಸಾಧ್ಯವಿಲ್ಲ.

೪. ಆಟದ ಅಂಕಿ ಅಂಶಗಳು

ದೇಹದ ಅನಂತರ ಆಟದ ದಾಖಲೆ ಬರುತ್ತದೆ. ತರುಣನು ಕಾಲೇಜಿನಲ್ಲಿಯೋ ಯೂರೋಪಿನ ಸಂಘಗಳಲ್ಲಿಯೋ ಗಳಿಸಿದ ಅಂಕಗಳನ್ನು ಇದ್ದಂತೆಯೇ ಹೋಲಿಸುವಂತಿಲ್ಲ. ಅಮೆರಿಕದ ಕಾಲೇಜು ಪಂದ್ಯ ೪೦ ನಿಮಿಷಗಳದು, ವೃತ್ತಿಪರ ಪಂದ್ಯ ೪೮ ನಿಮಿಷಗಳದು. ಅಲ್ಲಿ ೩೦ ಸೆಕೆಂಡುಗಳೊಳಗೆ ಚೆಂಡನ್ನೆಸೆಯಬೇಕು, ಇಲ್ಲಿ ೨೪ ಸೆಕೆಂಡುಗಳೊಳಗೆ. ಪುರುಷರ ಕಾಲೇಜು ಪಂದ್ಯಗಳಲ್ಲಿ ಮೂರು ಅಂಕದ ಗೆರೆ ೨೦೧೯ರಿಂದ ೬.೭೫ ಮೀಟರ್ ದೂರದಲ್ಲಿದೆ, ವೃತ್ತಿಪರ ಅಂಗಣದಲ್ಲಿ ೭.೨೪ ಮೀಟರ್ ದೂರದಲ್ಲಿದೆ. ಆದುದರಿಂದ ಪಂದ್ಯಕ್ಕೆ ಇಷ್ಟು ಅಂಕ ಎಂದು ಹೇಳುವುದನ್ನು ಬಿಟ್ಟು, ಚೆಂಡು ತಂಡದ ವಶಕ್ಕೆ ಬಂದ ಪ್ರತಿ ನೂರು ಸಲಕ್ಕೆ ಇಷ್ಟು ಎಂದು ಲೆಕ್ಕ ಹಾಕಿ, ಎದುರಾಳಿಗಳ ಬಲಾಬಲವನ್ನೂ ಪರಿಗಣಿಸುತ್ತಾರೆ.

ಎರಡನೆಯ ತೊಡಕು ಆಕಸ್ಮಿಕದ್ದು. ಮೂರು ಅಂಕದ ಎಸೆತದಲ್ಲಿ ನೂರಕ್ಕೆ ೩೫ನ್ನು ಬುಟ್ಟಿಗೆ ಹಾಕುವ ನಿಜವಾದ ಸಾಮರ್ಥ್ಯ ಒಬ್ಬನಿಗಿದೆಯೆಂದು ಭಾವಿಸೋಣ. ಅವನು ಒಂದು ವರ್ಷದಲ್ಲಿ ನೂರು ಸಲ ಎಸೆದರೆ ಸರಿಯಾಗಿ ೩೫ ಬೀಳುತ್ತವೆಂಬ ಭರವಸೆಯಿಲ್ಲ. ಸಂಭಾವ್ಯತೆಯ ಗಣಿತದಂತೆ ಅವನ ಫಲದ ಪ್ರಮಾಣ ವಿಚಲನೆ ಸುಮಾರು ೪.೮; ಎಂದರೆ ೨೫ರಿಂದ ೪೫ರವರೆಗೆ ಎಲ್ಲಿಯಾದರೂ ನಿಲ್ಲಬಹುದು. ೪೫ ಹಾಕಿದವನನ್ನು ಅಸಾಧಾರಣನೆಂದೂ ೨೫ ಹಾಕಿದವನನ್ನು ಕೆಲಸಕ್ಕೆ ಬಾರದವನೆಂದೂ ನಾವು ಕರೆಯುತ್ತೇವೆ. ಇಬ್ಬರ ಸಾಮರ್ಥ್ಯವೂ ಒಂದೇ ಆಗಿರಬಹುದು. ಎಸೆತಗಳ ಸಂಖ್ಯೆ ನಾಲ್ಕು ಪಟ್ಟಾದರೆ ಈ ಅನಿಶ್ಚಯ ಅರ್ಧಕ್ಕೆ ಇಳಿಯುತ್ತದೆ. ಇದೇ ಕಾರಣದಿಂದ ತಂಡಗಳು ಫ್ರೀ ಥ್ರೋವಿನ ದಾಖಲೆಯನ್ನೂ ಜೊತೆಗಿಟ್ಟು ನೋಡುತ್ತವೆ. ಅಡ್ಡಿಪಡಿಸುವವರಿಲ್ಲದೆ, ಯಾವಾಗಲೂ ಒಂದೇ ದೂರದಿಂದ ಎಸೆಯುವುದಾದ್ದರಿಂದ ಅದು ಕೈಯ ಹದವನ್ನು ಶುದ್ಧವಾಗಿ ತೋರಿಸುತ್ತದೆ.

ಮೂರನೆಯದು ವಯಸ್ಸು. ಹತ್ತೊಂಬತ್ತರವನೂ ಇಪ್ಪತ್ತೆರಡರವನೂ ಇಂದು ಸರಿಸಮರಾಗಿದ್ದರೆ ನಾಳೆ ಸರಿಸಮರಾಗಿರುವ ಸಂಭವ ಕಡಿಮೆ. ಕಿರಿಯನಿಗೆ ಬೆಳೆಯಲು ಇನ್ನೂ ಎಡೆಯಿದೆ. ತಂಡವು ಕೊಳ್ಳುವುದು ಇಂದಿನ ಆಟವನ್ನಲ್ಲ, ಮುಂದಿನ ಹಲವು ವರ್ಷಗಳ ಆಟವನ್ನು.

೫. ವೀಕ್ಷಕ, ಸಂದರ್ಶನ, ವೈದ್ಯ

ಅಂಕಿ ಅಂಶಗಳು ಹೇಳದ ಮಾತುಗಳನ್ನು ತಿಳಿಯಲು ತಂಡಗಳು ವೀಕ್ಷಕರನ್ನು ಊರೂರಿಗೆ ಕಳುಹಿಸುತ್ತವೆ. ಚೆಂಡು ಕೈಯಲ್ಲಿಲ್ಲದಾಗ ಇವನೇನು ಮಾಡುತ್ತಾನೆ? ಸಹ ಆಟಗಾರ ತಪ್ಪಿದಾಗ ಮುಖ ಸಿಂಡರಿಸುತ್ತಾನೆಯೇ? ಸೋಲುತ್ತಿರುವಾಗ ಹಿಂದಕ್ಕೆ ಓಡಿಬಂದು ಕಾಯುತ್ತಾನೆಯೇ? ಇವು ಪಟ್ಟಿಯಲ್ಲಿ ಸಿಗುವ ಸಂಗತಿಗಳಲ್ಲ. ಅನಂತರ ತರುಣನನ್ನೇ ಕೂರಿಸಿಕೊಂಡು ಮಾತನಾಡಿಸುತ್ತಾರೆ. ಅವನ ಗುರುಗಳನ್ನೂ ಒಡನಾಡಿಗಳನ್ನೂ ವಿಚಾರಿಸುತ್ತಾರೆ. ವೈದ್ಯರು ಹೃದಯ, ಬೆನ್ನು, ಮೊಣಕಾಲು, ಹಳೆಯ ಗಾಯಗಳನ್ನು ಪರಿಶೀಲಿಸುತ್ತಾರೆ. ಈ ಒಂದು ವರದಿಯಿಂದಲೇ ಆಟಗಾರನ ಸ್ಥಾನ ಬಹಳ ಕೆಳಗೆ ಜಾರುವುದುಂಟು.

ಸಂದರ್ಶನದ ವಿಷಯದಲ್ಲಿ ಎಚ್ಚರಿಕೆ ಅವಶ್ಯ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಮೀಲ್ ೧೯೫೪ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮನುಷ್ಯರ ಮುಂದಿನ ನಡವಳಿಕೆಯನ್ನು ಊಹಿಸುವುದರಲ್ಲಿ ಅನುಭವಿಗಳ ಅಂತರ್ದೃಷ್ಟಿಗಿಂತ ಸರಳವಾದ ಲೆಕ್ಕದ ಸೂತ್ರಗಳು ಬಹುಮಟ್ಟಿಗೆ ಸಮನಾಗಿಯೋ ಮಿಗಿಲಾಗಿಯೋ ಇರುತ್ತವೆಂದು ತೋರಿಸಿದರು. ಚೆನ್ನಾಗಿ ಮಾತನಾಡುವವನು ಚೆನ್ನಾಗಿ ಆಡುವನೆಂಬ ಭ್ರಮೆ ಯಾರಿಗೂ ಬರಬಹುದು. ಹಾಗೆಂದು ಕಣ್ಣಿನ ಸಾಕ್ಷ್ಯವನ್ನು ತಳ್ಳಿಹಾಕಬೇಕಾಗಿಲ್ಲ; ಅದನ್ನು ಪಡೆಯುವ ಕ್ರಮ ಸರಿಯಾಗಿರಬೇಕು. ಮೂವರು ವೀಕ್ಷಕರು ಒಬ್ಬರನ್ನೊಬ್ಬರು ಕೇಳದೆ ಬರೆದಿಟ್ಟ ಅಭಿಪ್ರಾಯಗಳು ಮೂರು ಸಾಕ್ಷ್ಯಗಳಾಗುತ್ತವೆ. ಹಿರಿಯರೊಬ್ಬರು ಮೊದಲು ಬಾಯಿಬಿಟ್ಟು ಉಳಿದಿಬ್ಬರು ತಲೆಯಾಡಿಸಿದರೆ ಅದು ಒಂದೇ ಸಾಕ್ಷ್ಯ.

೬. ತಪ್ಪುಗಳ ಸ್ವರೂಪ

ಇಷ್ಟೆಲ್ಲ ಪರೀಕ್ಷಿಸಿದರೂ ತಪ್ಪುಗಳು ತಪ್ಪುವುದಿಲ್ಲ. ಸಣ್ಣ ಕಾಲೇಜಿನಿಂದ ಬಂದ, ತೆಳುಮೈಯ ಸ್ಟೀಫನ್ ಕರಿ ೨೦೦೯ರಲ್ಲಿ ಏಳನೆಯವನಾಗಿ ಆಯ್ಕೆಯಾದನು. ೨೦೧೫ ಮತ್ತು ೨೦೧೬ರಲ್ಲಿ ಒಕ್ಕೂಟದ ಶ್ರೇಷ್ಠ ಆಟಗಾರನಾದನು. ಸರ್ಬಿಯಾ ದೇಶದ ನಿಕೋಲಾ ಯೋಕಿಚ್‌ನ ಹೆಸರು ೨೦೧೪ರಲ್ಲಿ ಬಂದದ್ದು ೪೧ನೆಯ ಸರದಿಯಲ್ಲಿ. ಹೆಚ್ಚು ಜಿಗಿಯಲಾರದ, ವೇಗವಾಗಿ ಓಡಲಾರದ ಆ ತರುಣ ೨೦೨೧, ೨೦೨೨ ಮತ್ತು ೨೦೨೪ರಲ್ಲಿ ಅದೇ ಗೌರವವನ್ನು ಪಡೆದನು. ಅವನ ಬಲವಿದ್ದುದು ಅಂಗಣವನ್ನೆಲ್ಲ ಒಂದೇ ನೋಟದಲ್ಲಿ ಗ್ರಹಿಸಿ, ಸರಿಯಾದ ಕೈಗೆ ಚೆಂಡನ್ನು ಸರಿಯಾದ ಗಳಿಗೆಯಲ್ಲಿ ಸೇರಿಸುವುದರಲ್ಲಿ. ಅದನ್ನು ಅಳೆಯುವ ಕೋಲು ಪರೀಕ್ಷಾಶಾಲೆಯಲ್ಲಿರಲಿಲ್ಲ.

ಇವುಗಳಿಗಿಂತ ಗಂಭೀರವಾದ ತಪ್ಪು ಆಯ್ಕೆಯಾದ ಮೇಲೆ ನಡೆಯುತ್ತದೆ. ಬ್ಯಾರಿ ಸ್ಟಾ ಮತ್ತು ಹಾ ಹೋಆಂಗ್ ಎಂಬ ಸಂಶೋಧಕರು ೧೯೯೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟದ ಗುಣಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡ ಬಳಿಕವೂ, ಡ್ರಾಫ್ಟಿನಲ್ಲಿ ಮೊದಲು ಆಯ್ಕೆಯಾದವರಿಗೆ ಅಂಗಣದಲ್ಲಿ ಹೆಚ್ಚು ಸಮಯ ದೊರೆಯುತ್ತದೆ, ಅವರು ಒಕ್ಕೂಟದಲ್ಲಿ ಹೆಚ್ಚು ವರ್ಷ ಉಳಿಯುತ್ತಾರೆ ಎಂದು ಕಂಡುಬಂದಿತು. ಒಮ್ಮೆ ಹೆಚ್ಚಿನ ಬೆಲೆ ತೆತ್ತ ಮೇಲೆ ತಮ್ಮ ನಿರ್ಣಯ ತಪ್ಪಾಯಿತೆಂದು ಒಪ್ಪಿಕೊಳ್ಳುವುದು ಕಷ್ಟ. ಇದರ ಪರಿಣಾಮವಾಗಿ ಆಯ್ಕೆಯು ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತದೆ: ಆರಿಸಲ್ಪಟ್ಟವನು ಹೆಚ್ಚು ಆಡುತ್ತಾನೆ, ಹೆಚ್ಚು ಆಡಿದವನು ಹೆಚ್ಚು ಕಲಿಯುತ್ತಾನೆ, ಹೆಚ್ಚು ಕಲಿತವನನ್ನು ಕಂಡು ‘ನಾವು ಆರಿಸಿದ್ದು ಸರಿಯಾಗಿತ್ತು’ ಎಂದು ಹೇಳುತ್ತೇವೆ. ಬಿಟ್ಟುಹೋದವನು ಏನಾಗುತ್ತಿದ್ದನೆಂಬುದಕ್ಕೆ ದಾಖಲೆಯೇ ಇರುವುದಿಲ್ಲ.

೭. ಪರೀಕ್ಷೆಗೆ ಬಾರದವರು

ಈ ಕಡೆಯ ಮಾತೇ ನಮ್ಮ ಪ್ರದೇಶಕ್ಕೆ ಹೆಚ್ಚು ಸಂಬಂಧಿಸಿದುದು. ೨೦೧೫ರಲ್ಲಿ ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ ಭಮಾರಾ ೫೨ನೆಯ ಸರದಿಯಲ್ಲಿ ಆಯ್ಕೆಯಾಗಿ, ಎನ್.ಬಿ.ಎ. ಡ್ರಾಫ್ಟಿನಲ್ಲಿ ಹೆಸರು ಬಂದ ಮೊದಲ ಭಾರತಸಂಜಾತನೆನಿಸಿದನು. ಏಳು ಅಡಿ ಎರಡು ಅಂಗುಲ ಎತ್ತರದ ಆತನನ್ನು ಮೊದಲು ಯಾರೋ ಕಂಡು ಲುಧಿಯಾನದ ಅಕಾಡೆಮಿಗೆ ಸೇರಿಸಿದ್ದರು. ಅಲ್ಲಿಂದ ೨೦೧೦ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಫ್ಲಾರಿಡಾಕ್ಕೆ ಹೋದನು. ಆಯ್ಕೆಯಾದ ಮೇಲೆ ಒಕ್ಕೂಟದ ಕ್ರಮಬದ್ಧ ಪಂದ್ಯವೊಂದರಲ್ಲಿ ಆಡುವ ಅವಕಾಶ ಅವನಿಗೆ ಸಿಗಲಿಲ್ಲವೆಂಬುದು ನಿಜ. ಆದರೂ ಷಿಕಾಗೋವಿನ ಅಳತೆಪಟ್ಟಿಗಿಂತ ಎಷ್ಟೋ ಮೊದಲು ಹಳ್ಳಿಯಲ್ಲಿ ಒಂದು ಕಣ್ಣು ಬಿದ್ದಿರಬೇಕು ಎಂಬುದನ್ನು ಈ ಉದಾಹರಣೆ ಸಾರುತ್ತದೆ. ಅಷ್ಟು ಎತ್ತರದವನು ಯಾರ ಕಣ್ಣಿಗಾದರೂ ಬೀಳುತ್ತಾನೆ. ಸಾಧಾರಣ ಎತ್ತರದ, ನೀಳವಾದ ಮಾರಿನ, ಚುರುಕುಬುದ್ಧಿಯ ಹುಡುಗನೋ ಹುಡುಗಿಯೋ ಯಾರ ಕಣ್ಣಿಗೆ ಬೀಳಬೇಕು?

ಕಲಬುರಗಿಯಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣವಿದೆ, ವಿಶ್ವವಿದ್ಯಾಲಯವಿದೆ, ಕಾಲೇಜುಗಳಿವೆ. ಕಮಲಾಪುರ ಈಗ ತಾಲ್ಲೂಕು ಕೇಂದ್ರ. ೨೦೧೭ರಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಪೂರ್ಣವಾಗಿ ತೆರೆದುಕೊಂಡ ಮೇಲೆ ದೂರವೂ ಅಷ್ಟು ದೂರವಲ್ಲ. ಹೀಗಿದ್ದರೂ ನಗರದಲ್ಲಿ ನಡೆಯುವ ಆಯ್ಕೆಯ ದಿನ ಕಮಲಾಪುರದ ಕಡೆಯ ವಿದ್ಯಾರ್ಥಿಯೊಬ್ಬನು ಬರುತ್ತಾನೆಂದು ಊಹಿಸಿಕೊಳ್ಳೋಣ. ಬೆಳಗಿನ ಬಸ್ಸಿನಲ್ಲಿ ನಿಂತೇ ಬಂದಿದ್ದಾನೆ. ಮಣ್ಣಿನ ಅಂಗಳದಲ್ಲಿ ಆಡಿ ರೂಢಿಯಾದವನಿಗೆ ಸಿಮೆಂಟಿನ ನೆಲದ ಮೇಲೆ ಚೆಂಡು ಪುಟಿಯುವ ಬಗೆ ಹೊಸದು. ಹತ್ತು ಎಸೆತಗಳ ಅವಕಾಶದಲ್ಲಿ ಮೂರು ಬೀಳುತ್ತವೆ. ಪಕ್ಕದಲ್ಲಿ ಪ್ರತಿದಿನ ಅದೇ ಅಂಗಣದಲ್ಲಿ ಆಡುವವನಿಗೆ ಆರು ಬೀಳುತ್ತವೆ. ಮೇಲೆ ಹೇಳಿದ ಗಣಿತವನ್ನು ನೆನೆದರೆ ಹತ್ತು ಎಸೆತಗಳಿಂದ ಸಿದ್ಧವಾಗುವುದು ಬಹು ಸ್ವಲ್ಪ. ಆದರೆ ಪಟ್ಟಿ ಅಂದೇ ಸಂಜೆ ಪ್ರಕಟವಾಗುತ್ತದೆ. ಹುಡುಗಿಯರ ವಿಷಯದಲ್ಲಿಯಾದರೆ, ಬಸ್ಸನ್ನು ಹತ್ತುವುದಕ್ಕೆ ಮನೆಯವರ ಒಪ್ಪಿಗೆ ಸಿಗುವುದೇ ಅನೇಕರಿಗೆ ಮೊದಲ ಪರೀಕ್ಷೆ.

ಇನ್ನೊಂದು ಕಾಣದ ಅನ್ಯಾಯವೂ ಉಂಟು. ಕೆನಡಾ ದೇಶದ ಹಿಮದ ಹಾಕಿಯನ್ನು ಪರಿಶೀಲಿಸಿ ರೋಜರ್ ಬಾರ್ನ್ಸ್ಲಿ ಮತ್ತು ಅವರ ಸಂಗಡಿಗರು ೧೯೮೫ರಲ್ಲಿ, ಆಯ್ಕೆಯಾದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಎಂದು ತೋರಿಸಿದರು. ವಯೋವರ್ಗವನ್ನು ಜನವರಿ ೧ರಿಂದ ಲೆಕ್ಕ ಹಾಕುತ್ತಿದ್ದುದೇ ಕಾರಣ. ಹದಿಮೂರರ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರ ಎಂದರೆ ಅದುವರೆಗಿನ ಆಯುಸ್ಸಿನ ಶೇಕಡಾ ೭ರಷ್ಟು. ಆ ಅಂತರದ ಎತ್ತರವನ್ನೂ ಬಲವನ್ನೂ ನಾವು ಪ್ರತಿಭೆಯೆಂದು ತಿಳಿದು ಆರಿಸುತ್ತೇವೆ.

೮. ಉಪಸಂಹಾರ

ಕೋಟ್ಯಂತರ ಡಾಲರುಗಳನ್ನು ವೆಚ್ಚಮಾಡುವ ತಂಡಗಳ ಸಾಧನಗಳು ನಮಗಿಲ್ಲ. ಆದರೆ ಅವರ ಅನುಭವದ ಸಾರವನ್ನು ಪಡೆಯಲು ಹಣ ಬೇಕಾಗಿಲ್ಲ. ಗೋಡೆಯ ಮೇಲೆ ಗೆರೆಯೆಳೆದು ಒಂದು ಟೇಪನ್ನು ಹಿಡಿದರೆ ಮಾರನ್ನೂ ನಿಲುಕನ್ನೂ ಅಳೆಯಬಹುದು. ವಯಸ್ಸನ್ನು ವರ್ಷಗಳಲ್ಲಿ ಬರೆಯುವ ಬದಲು ತಿಂಗಳುಗಳಲ್ಲಿ ಬರೆಯಬಹುದು. ಒಂದು ಬೆಳಗಿನ ಪರೀಕ್ಷೆಗೆ ಬದಲಾಗಿ ಮೂರು ಬೇರೆ ಬೇರೆ ದಿನಗಳ ಆಟವನ್ನು ನೋಡಬಹುದು. ಅವುಗಳಲ್ಲಿ ಒಂದನ್ನು ಕಮಲಾಪುರದಂಥ ಊರಿನಲ್ಲಿಯೇ ನಡೆಸಬಹುದು. ಆರಿಸುವ ಅಧ್ಯಾಪಕರು ತಮ್ಮ ಅಂಕಗಳನ್ನು ಪರಸ್ಪರ ಕೇಳದೆ ಮೊದಲು ಬರೆದು ಅನಂತರ ಚರ್ಚಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಆರಿಸಿದವರ ಪಟ್ಟಿಯೊಡನೆ ಬಿಟ್ಟವರ ಪಟ್ಟಿಯನ್ನೂ ಕಾರಣಸಹಿತ ಕಾದಿಟ್ಟು, ಎರಡು ವರ್ಷಗಳ ಬಳಿಕ ಅವರೆಲ್ಲರನ್ನೂ ಮತ್ತೆ ನೋಡಬಹುದು. ಈ ಕಡೆಯ ಕೆಲಸವೊಂದನ್ನು ನಮ್ಮ ಕಾಲೇಜುಗಳು ಕೈಗೊಂಡರೆ ಈ ಪ್ರದೇಶದ ತರುಣರ ಕುರಿತಾದ ನಿಜವಾದ ಸಂಶೋಧನೆಗೆ ಬೇಕಾದ ಸಾಮಗ್ರಿ ಕೆಲವೇ ವರ್ಷಗಳಲ್ಲಿ ನಮ್ಮ ಕೈಯಲ್ಲಿರುತ್ತದೆ.

ಡ್ರಾಫ್ಟಿನ ಪರೀಕ್ಷೆಗಳು ಕಲಿಸುವ ಪಾಠ ಆಟಗಾರನ ವಿಷಯದಲ್ಲಿ ಎಷ್ಟೋ ಪರೀಕ್ಷಕನ ವಿಷಯದಲ್ಲಿಯೂ ಅಷ್ಟೇ. ಅಳತೆ ತಪ್ಪಾಗಬಹುದೆಂದು ಬಲ್ಲವನು ಮತ್ತೊಮ್ಮೆ ಅಳೆಯುತ್ತಾನೆ. ತಪ್ಪಾಗಲಾರದೆಂದು ನಂಬಿದವನು ಒಂದೇ ಬೆಳಗ್ಗೆ ತೀರ್ಪು ಕೊಡುತ್ತಾನೆ. ವೃತ್ತಿಪರ ತಂಡಕ್ಕೆ ತಪ್ಪು ಆಯ್ಕೆಯಿಂದಾಗುವ ನಷ್ಟ ಹಣದ್ದು, ಮುಂದಿನ ವರ್ಷ ಅದಕ್ಕೆ ಮತ್ತೊಂದು ಸರದಿ ಬರುತ್ತದೆ. ಕಮಲಾಪುರದ ಬಸ್ಸಿಗೆ ಹಿಂದಿರುಗಿ ಹತ್ತಿದ ವಿದ್ಯಾರ್ಥಿಗೆ ಇನ್ನೊಂದು ಸರದಿ ಬರುವಂತೆ ನೋಡಿಕೊಳ್ಳುವ ಹೊಣೆ ಮಾತ್ರ ಅಧ್ಯಾಪಕನದೇ.